ಕೃತಕ ಹುಲ್ಲಿಗೆ ಕಣ್ಣಿಗೆ ಬೀಳದ ತೇಪೆ

ಅಂಗಳದ ಕೃತಕ ಹುಲ್ಲಿಗೆ ಹಾಕಿದ ತೇಪೆ ಬಾಗಿಲಲ್ಲಿ ನಿಂತವರಿಗೂ ಎದ್ದು ಕಾಣುತ್ತಿದ್ದರೆ ಅಂಟನ್ನು ದೂರಬೇಡಿ. ಬಹುಪಾಲು ಕೆಲಸ ಕೆಡುವುದು ಅಂಟಿನ ಡಬ್ಬಿ ತೆರೆಯುವ ಮೊದಲೇ, ಬ್ಲೇಡು ಹಿಡಿದ ಕೈಯಲ್ಲಿ. ಸುಟ್ಟ ಜಾಗವನ್ನು ದುಂಡಗೆ ಕೊಯ್ದು, ಹೊಸ ತುಂಡನ್ನೂ ದುಂಡಗೆ ಕೊಯ್ದು, ಹೇಗೋ ತುರುಕಿ ಅಂಟಿಸುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅದರ ಸುತ್ತ ಬೋಳು ಬಳೆಯೊಂದು ಮೂಡಿರುತ್ತದೆ.

ಹೀಗೇಕೆ ಎಂಬುದು ತಿಳಿಯಬೇಕಾದರೆ ಉಳಿದ ತುಂಡೊಂದನ್ನು ಬೋರಲು ಹಾಕಿ ನೋಡಿ. ಹಿಂಬದಿಯ ಬಟ್ಟೆಯಲ್ಲಿ (ಇದನ್ನೇ ಬ್ಯಾಕಿಂಗ್ ಎನ್ನುವುದು) ನೇರವಾದ ಹೊಲಿಗೆ ಸಾಲುಗಳು ಕಾಣುತ್ತವೆ. ಮನೆಯಂಗಳದ ಹುಲ್ಲಿನಲ್ಲಿ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 8ರಿಂದ 10 ಮಿ.ಮೀ. ಅಂತರ. ಪಾಲಿಎಥಿಲೀನ್ ಎಸಳುಗಳನ್ನು ಈ ಬಟ್ಟೆಗೆ ಹೊಲಿದು, ಹಿಂದಿನಿಂದ ಲೇಟೆಕ್ಸ್ ಅಥವಾ ಪಾಲಿಯುರೇಥೇನ್ ಬಳಿದು ಹಿಡಿಸಿರುತ್ತಾರೆ. ಬ್ಲೇಡು ಎರಡು ಸಾಲುಗಳ ನಡುವೆ ಹೋದರೆ ಹೊಲಿಗೆ ಹಾಗೇ ಉಳಿಯುತ್ತದೆ. ಓರೆಯಾಗಿ ಹೋದರೆ ದಾರಿಯಲ್ಲಿ ಸಿಕ್ಕ ಹೊಲಿಗೆಯೆಲ್ಲ ತುಂಡಾಗಿ, ಎಸಳುಗಳು ದಿನಕ್ಕಿಷ್ಟು ಎಂಬಂತೆ ಉದುರುತ್ತವೆ. ಆ ಬೋಳು ಬಳೆ ಅದೇ.

ತೇಪೆ ನಿಜವಾಗಿ ಬೇಕೇ?

ಕಿಡಿ ಬಿದ್ದು ನಾಲ್ಕಾರು ಎಸಳಿನ ತುದಿ ಮಾತ್ರ ಕರಗಿದ್ದರೆ ಸಣ್ಣ ಕತ್ತರಿಯಿಂದ ತುದಿ ತೆಗೆದು ಅಕ್ಕಪಕ್ಕದ ಎಸಳನ್ನು ಅದರ ಮೇಲೆ ಎಳೆದುಕೊಳ್ಳಿ, ಸಾಕು. ಹೆಬ್ಬೆರಳಿನಷ್ಟು ಜಾಗ ಬೋಳಾಗಿದ್ದರೆ ಉಳಿದ ತುಂಡಿನಿಂದ ಎಸಳಿನ ಗೊಂಚಲು ಕಿತ್ತು, ಬುಡಕ್ಕೆ ಒಂದೊಂದು ತೊಟ್ಟು ಪಾಲಿಯುರೇಥೇನ್ ಅಂಟು ಹಚ್ಚಿ ನೆಡಬಹುದು. ಮಲಗಿಹೋದ ಹುಲ್ಲಿಗೆ ಗಟ್ಟಿ ನೈಲಾನ್ ಪೊರಕೆಯಿಂದ ಎಸಳು ವಾಲಿದ ದಿಕ್ಕಿಗೆ ಎದುರಾಗಿ ಗುಡಿಸುವುದೇ ಮದ್ದು. ತಂತಿ ಬ್ರಷ್ ಮುಟ್ಟಲೇಬೇಡಿ, ಅದು ಎಸಳನ್ನು ಸೀಳುತ್ತದೆ. ಬ್ಯಾಕಿಂಗ್ ಕರಗಿದ್ದರೆ, ಹರಿದಿದ್ದರೆ, ಅಥವಾ ಅಂಗೈಯಷ್ಟು ಜಾಗದ ಎಸಳೇ ಹೋಗಿದ್ದರೆ ಮಾತ್ರ ತೇಪೆ.

ಕಾರಣ ಹುಡುಕದೆ ತೇಪೆ ಹಾಕುವುದೂ ದಂಡ. ಬೆಂಕಿಯ ಸುಳಿವೇ ಇಲ್ಲದ ಕಡೆ ಹುಲ್ಲು ಪಟ್ಟೆಪಟ್ಟೆಯಾಗಿ ಕರಗಿದ್ದರೆ ಎದುರಿನ ಕಿಟಕಿಯನ್ನು ಅನುಮಾನಿಸಿ. ಶಾಖ ತಡೆಯುವ ಲೇಪನವಿರುವ ಜೋಡಿಗಾಜು ತುಸು ಒಳಬಾಗಿದರೆ ಬಿಸಿಲನ್ನು ಒಂದೇ ಕಡೆ ಕೂಡಿಸಿ ಎಸೆಯುತ್ತದೆ. ಆ ಬೆಳಕು ಹುಲ್ಲಿನ ಮೇಲೆ ಬೀಳುವ ಹೊತ್ತು ಗುರುತು ಹಾಕಿಕೊಂಡು, ಗಾಜಿನ ಹೊರಮೈಗೆ ಜಾಲರಿ ಹಾಕಿಸಿ. ಒಳಗೆ ಪರದೆ ಎಳೆದರೆ ಏನೂ ಪ್ರಯೋಜನವಿಲ್ಲ, ಬೆಳಕು ಹೊರಗಿನಿಂದಲೇ ವಾಪಸಾಗುತ್ತಿದೆ. ನಾಯಿ ಕೆರೆದ ಮೂಲೆಯಾದರೆ ಅಂಚು ಸಡಿಲವಾಗಿದೆ ಎಂದರ್ಥ, ತೇಪೆಯ ಜೊತೆಗೆ ಅಂಚಿಗೆ ಮೊಳೆಯೂ ಬೇಕು.

ತುಂಡು ಎಲ್ಲಿಂದ?

ಹಾಸಿದಾಗ ಉಳಿದದ್ದು ಇದ್ದರೆ ಒಳ್ಳೆಯದು. ಆದರೆ ಐದು ವರ್ಷ ಬಿಸಿಲು ಕುಡಿದ ಹುಲ್ಲಿನ ನಡುವೆ ಕೋಣೆಯಲ್ಲಿ ಸುರುಳಿ ಸುತ್ತಿಟ್ಟ ತುಂಡು ಹೊಸ ಬಟ್ಟೆಯ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ‘ಅದೇ ಹುಲ್ಲು, ಅದೇ ಎತ್ತರ’ ಎಂದು ಕೊಡುವುದನ್ನಂತೂ ನಂಬಬೇಡಿ. ಬೋರಲು ಹಾಕಿ 10 ಸೆಂ.ಮೀ.ಗೆ ಎಷ್ಟು ಸಾಲು ಎಂದು ಎಣಿಸಿ, ಬುಡದಲ್ಲಿರುವ ಗುಂಗುರು ಎಳೆಗಳ ಬಣ್ಣ ಹೋಲಿಸಿ. ಸಾಲಿನ ಲೆಕ್ಕ ಹೊಂದದಿದ್ದರೆ ಆ ತುಂಡು ಬೇಡ.

ಎಲ್ಲಕ್ಕಿಂತ ಚೆನ್ನಾದ ದಾರಿ ಅದಲುಬದಲು. ಕುಂಡಗಳ ಹಿಂದೆಯೋ ಬೆಂಚಿನ ಪಕ್ಕದಲ್ಲೋ ಯಾರ ಕಣ್ಣೂ ಬೀಳದ ಕಡೆಯಿಂದ ಹಳೆಯ ತುಂಡು ತೆಗೆದು ಹಾಳಾದ ಜಾಗಕ್ಕೆ ಹಾಕಿ; ಹೊಸ ತುಂಡು ಆ ಮರೆಯ ಜಾಗಕ್ಕೆ ಹೋಗಲಿ. ಕೆಲಸ ಇಮ್ಮಡಿಯಾಗುತ್ತದೆ, ನಿಜ. ಆದರೂ ಇದನ್ನೇ ಮಾಡಿ.

ಕೊಯ್ಯುವುದು

ಸಮಯ ಕೊಡಬೇಕಾದದ್ದು ಇಲ್ಲಿ. ಹುಲ್ಲು ಅಂಗೈಗೆ ಬಿಸಿ ತಾಗದ ಹೊತ್ತು, ಬೆಳಗ್ಗೆಯೋ ಇಳಿಹೊತ್ತೋ, ಆರಿಸಿಕೊಳ್ಳಿ. ಬಿಸಿಲಿಗೆ ಹುಲ್ಲುಹಾಸು ಹಿಗ್ಗಿರುತ್ತದೆ. ಉರಿಬಿಸಿಲಲ್ಲಿ ಬಿಗಿಯಾಗಿ ಕೂತ ತೇಪೆ ತಂಪಿಗೆ ಬಾಯಿ ಬಿಡುತ್ತದೆ. ತೇಪೆಯ ತುಂಡನ್ನೂ ಒಂದೆರಡು ಗಂಟೆ ಪಕ್ಕದಲ್ಲೇ ಬಿಚ್ಚಿಡಿ, ಎರಡೂ ಒಂದೇ ಹದಕ್ಕೆ ಬರಲಿ.

ಮೊದಲು, ಹಾಸುವಾಗ ಎಸಳುಗಳ ಬುಡಕ್ಕೆ ತುಂಬಿದ ಮರಳು ತೆಗೆಯಿರಿ. ಹಾಳಾದ ಜಾಗದ ಸುತ್ತ 30 ಸೆಂ.ಮೀ.ವರೆಗೆ ಬುಡದ ಮರಳನ್ನು ಬ್ರಷ್‌ನಿಂದ ಕೆದಕಿ ವ್ಯಾಕ್ಯೂಮ್‌ನಲ್ಲಿ ಎಳೆದುಬಿಡಿ. ಇಲ್ಲವಾದರೆ ಬ್ಲೇಡು ಎರಡೇ ಎಳೆತಕ್ಕೆ ಮೊಂಡಾಗುತ್ತದೆ. ಅಂಟಿನೊಳಗೆ ಉದುರಿದ ಮರಳಿಗೆ ಅಂಟು ಹಿಡಿಯುತ್ತದೆಯೇ ಹೊರತು ಬ್ಯಾಕಿಂಗ್‌ಗೆ ಹಿಡಿಯುವುದಿಲ್ಲ.

ಆಮೇಲೆ ವಾಲು ನೋಡಿ. ಬೆಕ್ಕಿನ ಬೆನ್ನು ಸವರಿದಂತೆ ಅಂಗೈಯಿಂದ ನೇವರಿಸಿದರೆ ಹುಲ್ಲು ಒಂದು ಕಡೆಗೆ ನಯವಾಗಿ ಮಲಗುತ್ತದೆ, ಇನ್ನೊಂದು ಕಡೆಗೆ ಕೈಯನ್ನು ತಡೆಯುತ್ತದೆ. ಮಲಗುವ ದಿಕ್ಕಿಗೆ ಮಾಸ್ಕಿಂಗ್ ಟೇಪಿನಲ್ಲಿ ಬಾಣ ಹಚ್ಚಿ. ತೇಪೆಯ ಹಿಂಬದಿಗೂ ಸೀಮೆಸುಣ್ಣದಲ್ಲಿ ಬಾಣ ಬರೆಯಿರಿ. ಇದೊಂದು ತಪ್ಪಿದರೆ ಬಣ್ಣ, ಎತ್ತರ, ಸಾಲು ಎಲ್ಲ ಸರಿಯಿದ್ದೂ ತೇಪೆ ಬೇರೆಯೇ ಹಸಿರಾಗಿ ಕಾಣುತ್ತದೆ, ಏಕೆಂದರೆ ತಿರುಗಿದ ಎಸಳು ಬೆಳಕನ್ನು ಬೇರೆ ಥರ ಹಿಡಿಯುತ್ತದೆ.

ಆಕಾರ ಚೌಕ ಅಥವಾ ಆಯತ, ದುಂಡು ಬೇಡ. ಎರಡು ಬದಿ ಸಾಲಿನ ಜೊತೆಗೆ ಓಡಬೇಕು, ಉಳಿದೆರಡು ಸಾಲಿಗೆ ನೇರ ಅಡ್ಡ. ಹಾಳಾದ ಜಾಗದಿಂದ ಸುತ್ತ 5 ಸೆಂ.ಮೀ. ಚೆನ್ನಾಗಿರುವ ಹುಲ್ಲೂ ಸೇರಲಿ. ಗಾಯ ಎಷ್ಟೇ ಚಿಕ್ಕದಿದ್ದರೂ 30 ಸೆಂ.ಮೀ. ಚೌಕಕ್ಕಿಂತ ಸಣ್ಣ ತೇಪೆ ಹಾಕಬೇಡಿ. ಅಂಗೈಯಗಲದ ತುಂಡಿಗೆ ಅಂಟಿನ ಹಿಡಿತ ಸಾಲದು, ಕುರ್ಚಿ ಎಳೆದಾಗ ಎದ್ದು ಬರುತ್ತದೆ.

ಈಗ ಬ್ಲೇಡು. ಕಟರ್‌ಗೆ ಬದಿಗೊಂದು ಹೊಸ ಬ್ಲೇಡು ಹಾಕಿ. ಜಿಪುಣತನ ಇಲ್ಲಿ ಬೇಡ, ಮೊಂಡು ಬ್ಲೇಡು ಹೊಲಿಗೆಯನ್ನು ಕೊಯ್ಯದೆ ಎಳೆಯುತ್ತದೆ. ತಲೆಗೂದಲಿಗೆ ಬೈತಲೆ ತೆಗೆದಂತೆ ಎಸಳುಗಳನ್ನು ಎರಡೂ ಕಡೆಗೆ ಸರಿಸುತ್ತ ಹೋದರೆ ಬುಡದಲ್ಲಿ ಎರಡು ಸಾಲುಗಳ ನಡುವೆ ಸಣ್ಣ ಕಣಿವೆ ಸಿಗುತ್ತದೆ. ಅಲ್ಲಿ ಬ್ಲೇಡಿನ ತುದಿ ಮಾತ್ರ, 5 ಮಿ.ಮೀ.ಗಿಂತ ಹೆಚ್ಚಲ್ಲ, ಇಳಿಸಿ ಒಂದು ಗೇಣಿನಷ್ಟು ಸೀಳಿ. ಅದುಮಿ ಒಮ್ಮೆಲೇ ಕೊಯ್ಯುವ ಬದಲು ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಕೆಳಗೆ ಕಳೆ ತಡೆಯುವ ಬಟ್ಟೆ ಇರಬಹುದು, ಅದಕ್ಕೆ ಗಾಯವಾಗಬಾರದು. ಈ ಸೀಳಿನಲ್ಲಿ ಬೆರಳು ತೂರಿಸಿ ಅಂಚನ್ನು ಮೇಲಕ್ಕೆ ಮಗುಚಿದರೆ ಹಿಂಬದಿಯ ಸಾಲು ಕಣ್ಣಿಗೆ ಸ್ಪಷ್ಟ. ಅಲ್ಲಿಂದ ಮುಂದೆ ಹಿಂಬದಿಯಿಂದಲೇ ಕೊಯ್ಯಿರಿ. ಮೇಲಿನಿಂದ ಕಣ್ಣಂದಾಜಿನಲ್ಲಿ ಪೂರ್ತಿ ಕೊಯ್ದವರ ಗೆರೆ ಅರ್ಧ ಮೀಟರಿನೊಳಗೆ ಪಕ್ಕದ ಸಾಲಿಗೆ ಹಾರಿರುತ್ತದೆ.

ಅಡ್ಡ ಬದಿಗಳಲ್ಲಿ ಸಾಲನ್ನು ದಾಟಲೇಬೇಕು, ಬೇರೆ ದಾರಿಯಿಲ್ಲ. ಕಬ್ಬಿಣದ ಪಟ್ಟಿ ಇಟ್ಟು, ಹಿಂಬದಿಯಿಂದ, ಒಂದು ಹೊಲಿಗೆಗೂ ಮುಂದಿನ ಹೊಲಿಗೆಗೂ ನಡುವಿನ ಸಂದಿ ನೋಡಿ ಎಳೆಯಿರಿ. ಅಲ್ಲಲ್ಲಿ ಕೆಲವು ಎಸಳು ಸಡಿಲವಾದರೆ ಅಂಟು ಹಿಡಿದುಕೊಳ್ಳುತ್ತದೆ.

ತೇಪೆಗೆ ಅಳತೆ ತೆಗೆಯುವಾಗ ಟೇಪಿಗಿಂತ ಸಾಲಿನ ಎಣಿಕೆ ಮುಖ್ಯ. ಹೊರತೆಗೆದ ತುಂಡಿನಲ್ಲಿ 36 ಸಾಲಿದ್ದರೆ ತೇಪೆಯಲ್ಲೂ 36 ಇರಬೇಕು. ಗುಳಿಯ ಅಂಚನ್ನು ಎರಡು ಸಾಲುಗಳ ನಟ್ಟನಡುವೆ ಕೊಯ್ದಿರುತ್ತೀರಿ. ತೇಪೆಯನ್ನು ಮಾತ್ರ ಅದರ ಕೊನೆಯ ಸಾಲಿಗೆ ತುಸು ಹತ್ತಿರ, 2–3 ಮಿ.ಮೀ. ಬಿಟ್ಟು ಕೊಯ್ಯಿರಿ. ಕೂಡಿಸಿದಾಗ ಬಟ್ಟೆಯ ಅಂಚುಗಳ ನಡುವೆ ಸುಮಾರು 2 ಮಿ.ಮೀ. ಸಂದು ಉಳಿದು, ಸಾಲಿನಿಂದ ಸಾಲಿಗಿರುವ ಅಂತರ ಮಾತ್ರ ಉಳಿದೆಲ್ಲ ಕಡೆ ಇದ್ದಷ್ಟೇ ಬರುತ್ತದೆ. ಜೋಡಣೆ ಮರೆಯಾಗುವುದು ಇದರಿಂದಲೇ. ಅಂಚಿಗೆ ಅಂಚು ಒತ್ತಿ ಬಿಗಿ ಮಾಡಿದರೆ ನಡುವೆ ದಿಬ್ಬ ಏಳುತ್ತದೆ; 5 ಮಿ.ಮೀ. ಬಿಟ್ಟರೆ ಕಪ್ಪು ಗೆರೆ ಕಾಣುತ್ತದೆ.

ಹೊರತೆಗೆದ ತುಂಡನ್ನೇ ಅಚ್ಚಾಗಿ ಬಳಸುವುದಾದರೆ ಎರಡನ್ನೂ ಬೋರಲು ಹಾಕಿ, ಬಾಣಗಳು ಒಂದೇ ಕಡೆಗಿರಲಿ. ಶಾಖಕ್ಕೆ ಮುದುಡಿದ ತುಂಡಾದರೆ ಅಚ್ಚು ಬೇಡ, ಗುಳಿಯನ್ನೇ ಅಳೆಯಿರಿ. ರೋಲಿನ ಅಂಚಿನಲ್ಲಿ ಎಸಳಿಲ್ಲದ ಬೋಳು ಪಟ್ಟಿ ಇರುತ್ತದಲ್ಲ, ಅದನ್ನು ಪಕ್ಕದ ಎರಡು ಮೂರು ಸಾಲಿನ ಸಮೇತ ಕೊಯ್ದು ಬಿಸಾಡಿ.

ಅಂಟಿಲ್ಲದೆ ಒಮ್ಮೆ ಕೂರಿಸಿ, ಕೈಯಿಂದ ಬಾಚಿ, ಎದ್ದು ನಿಂತು ನಾಲ್ಕೂ ಕಡೆಯಿಂದ ನೋಡಿ. ಇಲ್ಲಿ ಕಾಣುವ ಗೆರೆ ಅಂಟು ಹಾಕಿದ ಮೇಲೂ ಕಾಣುತ್ತದೆ.

ನೆಲ

ಕುಸಿದಿದ್ದರೆ ಜಲ್ಲಿಪುಡಿ ತುಂಬಿ, ನೀರು ಚಿಮುಕಿಸಿ, ದಮ್ಮಸು ಮಾಡಿ ಸುತ್ತಲಿನ ಮಟ್ಟಕ್ಕೆ ತನ್ನಿ. ಮೇಲ್ಮೈ ಒಣಗಿದ ಮೇಲೆ ಮುಂದಿನ ಕೆಲಸ. ಕಾಂಕ್ರೀಟ್ ಆದರೆ ಹಳೆಯ ಅಂಟು ಹೆರೆದು, ಧೂಳು ತೆಗೆದರಾಯಿತು.

ಅಂಟು, ಟೇಪು

ಗುಳಿಯ ನಾಲ್ಕೂ ಅಂಚಿನ ಕೆಳಗೆ 30 ಸೆಂ.ಮೀ. ಅಗಲದ ಸೀಮ್ ಟೇಪ್ (ಜೋಡಣೆಯ ಅಡಿ ಹಾಸುವ ಪಟ್ಟಿ) ತೂರಿಸಿ, ಅರ್ಧ ಹಳೆಯ ಹುಲ್ಲಿನಡಿ, ಅರ್ಧ ತೇಪೆಗೆ. ನಯವಾದ ಮೈ ನೆಲಕ್ಕೆ, ಒರಟು ಬಟ್ಟೆಯಂಥ ಮೈ ಮೇಲಕ್ಕೆ. ಮೂಲೆಯಲ್ಲಿ ಟೇಪಿನ ಮೇಲೆ ಟೇಪು ಬಂದರೆ ಗಂಟು ಕಟ್ಟುತ್ತದೆ, ಆದ್ದರಿಂದ ಅಂಚಿಗೆ ಅಂಚು ಕೂಡಿಸಿ.

ಅಂಟು ಎರಡು ಡಬ್ಬಿಯ ಪಾಲಿಯುರೇಥೇನ್. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ತೂಕ ಮಾಡಿ, ತಳ ಕೆರೆಯುತ್ತ, ಒಂದೇ ಬಣ್ಣ ಬರುವ ತನಕ ಕಲಸಿ. ಬೇರೆ ಬಣ್ಣದ ಗೆರೆ ಉಳಿದ ಕಡೆ ಅಂಟು ಎಂದಿಗೂ ಗಟ್ಟಿಯಾಗುವುದಿಲ್ಲ. ಬಿಸಿ ದಿನ ಬೇಗ ಹೆಪ್ಪುಗಟ್ಟುತ್ತದೆ, ಹಾಗಾಗಿ ಬೇಕಾದಷ್ಟೇ ಕಲಸಿ. ಹಲ್ಲಿನ ಕರಣೆಯಿಂದ ಟೇಪಿನ ಮೇಲೆ ಹರಡುವಾಗ ಜೋಡಣೆಯ ಗೆರೆಯಡಿ ತೆಳುವಾಗಿರಲಿ. ಅಲ್ಲಿ ದಪ್ಪ ಬಳಿದರೆ ಸಂದಿಯಿಂದ ಉಕ್ಕಿ ಎಸಳಿಗೆ ಮೆತ್ತುತ್ತದೆ.

ಅಗ್ಗದ ದಾರಿಗಳ ಬಗ್ಗೆ ಒಂದು ಮಾತು. ಗ್ಲೂ ಗನ್ನಿನ ಬಿಸಿ ಅಂಟು ಬೇಸಿಗೆಯ ಬಿಸಿಲಿಗೇ ಮೆತ್ತಗಾಗುತ್ತದೆ, ಏಕೆಂದರೆ ಕೃತಕ ಹುಲ್ಲಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಸಿಲಿಕೋನ್ ಬ್ಯಾಕಿಂಗ್‌ಗೆ ಸರಿಯಾಗಿ ಹಿಡಿಯದೆ ಉದ್ದುದ್ದ ಕಿತ್ತು ಬರುತ್ತದೆ. ಎರಡು ಬದಿ ಅಂಟುವ ಟೇಪಿಗೆ ಚೂರು ಧೂಳು ತಾಗಿದರೂ ಮುಗಿಯಿತು. ತೇವದಿಂದ ಗಟ್ಟಿಯಾಗುವ ಒಂದೇ ಡಬ್ಬಿಯ ಪಾಲಿಯುರೇಥೇನ್ ನಡೆಯುತ್ತದೆ, ಆದರೆ ಬೇಗ ಒಣಗಲೆಂದು ಅದಕ್ಕೆ ನೀರು ಸುರಿದರೆ ನೊರೆ ಉಬ್ಬಿ ತೇಪೆಯನ್ನೇ ಮೇಲೆತ್ತುತ್ತದೆ. ಬಾಯಿ ಬಿಟ್ಟ ಹಳೆಯ ಜೋಡಣೆಗೆ ಮೇಲಿನಿಂದ ಅಂಟು ಹಿಂಡುವುದಂತೂ ಶುದ್ಧ ದಂಡ. ಅಂಚು ಎತ್ತಿ, ಹಳೆಯ ಟೇಪು ಕಿತ್ತು, ಹೊಸದು ಹಾಕಬೇಕು.

ತೇಪೆ ಇಳಿಸುವ ಮುನ್ನ ಗುಳಿಯ ಸುತ್ತಲಿನ ಎಸಳನ್ನು ಹೊರಕ್ಕೆ ಬಾಚಿ, ಮೇಲೊಂದು ಮರದ ಪಟ್ಟಿ ಇಟ್ಟು ಮಲಗಿಸಿ. ತೇಪೆಯ ಅಂಚಿನ ಎಸಳನ್ನು ಒಳಕ್ಕೆ ಮಡಚಿ ಹಿಡಿದು, ಸಾಲಿನ ಜೊತೆಗಿರುವ ಒಂದು ಬದಿಯನ್ನು ಮೊದಲು ಕೂರಿಸಿ, ಉಳಿದದ್ದನ್ನು ನಿಧಾನವಾಗಿ ಮಲಗಿಸಿ. ಜಾರಿಸಿ ಸರಿಪಡಿಸುವ ಯೋಚನೆ ಬೇಡ, ಅಂಟು ಎಲ್ಲ ಕಡೆ ಬಳಿಯುತ್ತದೆ. ಕೂತ ಕೂಡಲೇ ಮೊಂಡು ಸ್ಕ್ರೂಡ್ರೈವರಿನಿಂದ ಜೋಡಣೆಯುದ್ದಕ್ಕೂ ಸಿಕ್ಕಿಬಿದ್ದ ಎಸಳುಗಳನ್ನು ಮೇಲಕ್ಕೆಬ್ಬಿಸಿ. ಇದಕ್ಕೆ ಸಿಗುವುದು ಕೆಲವೇ ನಿಮಿಷ. ಎಸಳಿಗೆ ಅಂಟು ಮೆತ್ತಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಹರಡುತ್ತದೆ. ಒಣಗಿದ ಮೇಲೆ ಆ ತುದಿಯನ್ನಷ್ಟೇ ಕತ್ತರಿಸಿ.

ಹತ್ತು ಹದಿನೈದು ನಿಮಿಷ ಬಿಟ್ಟು ಅಂಗೈಯಿಂದ ಮತ್ತೊಮ್ಮೆ ಒತ್ತಿ, ಮೇಲೆ ಮರಳು ಚೀಲ ಹೇರಿ 24 ಗಂಟೆ ಬಿಡಿ. ಇಟ್ಟಿಗೆ ಬೇಡ, ಅದರ ಅಂಚು ಅಚ್ಚೊತ್ತುತ್ತದೆ. ಓಡಾಟ 48 ಗಂಟೆಯ ನಂತರ. ಅಂಗಳದ ಹೊರ ಅಂಚಿಗೆ ತಾಗಿದ ತೇಪೆಯಾದರೆ ಆ ಬದಿಗೆ ಸತು ಲೇಪಿತ 15 ಸೆಂ.ಮೀ. ಮೊಳೆಗಳನ್ನು ಗೇಣಿಗಿಂತ ಹತ್ತಿರ ಹತ್ತಿರ ಹೊಡೆಯಿರಿ, ಎಸಳು ಸರಿಸಿ, ತಲೆ ಬಟ್ಟೆಗೆ ತಾಗುವಷ್ಟೇ. ಇನ್ನೂ ಬಡಿದರೆ ಅಲ್ಲಿ ಹೊಕ್ಕುಳಿನಂಥ ಕುಳಿ ಬೀಳುತ್ತದೆ.

ಮರಳು ವಾಪಸು

ಒಣಗಿದ, ದುಂಡು ಕಾಳಿನ ಸಿಲಿಕಾ ಮರಳನ್ನೇ ಬಳಸಿ, ಕಟ್ಟಡದ ಮರಳಿನ ಧೂಳು ನೀರಿಳಿಯುವ ತೂತುಗಳನ್ನು ಮುಚ್ಚುತ್ತದೆ. ಎರಡು ಮೂರು ಸಲ ತೆಳುವಾಗಿ ಚೆಲ್ಲಿ, ಪ್ರತಿ ಸಲವೂ ವಾಲಿಗೆ ಎದುರಾಗಿ ಗುಡಿಸುತ್ತ, ಸುತ್ತಲಿನ ಮಟ್ಟ ಬಂದಾಗ ನಿಲ್ಲಿಸಿ. ಆಮೇಲೆ ತೇಪೆಯ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಸುತ್ತಲಿನ ಹುಲ್ಲಿನಲ್ಲಿ ಇಳಿದು ತೇಪೆಯಲ್ಲಿ ಮಾತ್ರ ನಿಂತರೆ ಅಂಟು ಬ್ಯಾಕಿಂಗ್‌ನ ತೂತು ಕಟ್ಟಿದೆ ಎಂದರ್ಥ. ಎಸಳು ಸರಿಸಿ, ಸಾಲುಗಳ ನಡುವೆ ದಬ್ಬಣದಿಂದ ಆ ತೂತುಗಳನ್ನು ಬಿಡಿಸಿ.