ಮಲೆನಾಡಿನ ಮಳೆಯಲ್ಲಿ ರಿಪ್ಸಾಲಿಸ್ ಕಳ್ಳಿ: ನನ್ನ ಅನುಭವ

ಕಳ್ಳಿಯೆಂದರೆ ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ಮುಳ್ಳುಗಿಡ, ತೀರ್ಥಹಳ್ಳಿ ಕಡೆಯ ಮಳೆಗೆ ಅದು ಕೊಳೆತೇ ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಒಣನೆಲದ ಕಳ್ಳಿಗಳ ಮಟ್ಟಿಗೆ ಅದು ನಿಜವೂ ಹೌದು. ರಿಪ್ಸಾಲಿಸ್ ಕುಲದ ರೀತಿಯೇ ಬೇರೆ. ಬ್ರೆಜಿಲ್‌ನ ಅಟ್ಲಾಂಟಿಕ್ ತೀರದ ಮಳೆಕಾಡುಗಳಲ್ಲಿ ಹೇರಳವಾಗಿರುವ ಈ ಕಳ್ಳಿಗಳು ಮರದ ಕೊಂಬೆಗಳ ಮೇಲೆ ಬೇರೂರಿ, ಸಪೂರವಾದ ಹಸಿರು ಕಾಂಡಗಳನ್ನು ಕೆಳಗೆ ಜೋಲುಬಿಡುತ್ತವೆ. ಗೇರ್ಟ್ನರ್ ಎಂಬ ಜರ್ಮನ್ ಸಸ್ಯವಿಜ್ಞಾನಿ 1788ರಲ್ಲಿ ಈ ಕುಲವನ್ನು ಹೆಸರಿಸಿದರು. ನಾನು ಬೆಳೆಸುತ್ತಿರುವ ರಿಪ್ಸಾಲಿಸ್ ಬ್ಯಾಕ್ಸಿಫೆರಾ, ಅಮೆರಿಕ ಖಂಡಗಳಾಚೆ ಆಫ್ರಿಕ, ಮಡಗಾಸ್ಕರ್ ಮತ್ತು ಶ್ರೀಲಂಕಾದಲ್ಲೂ ಸಹಜವಾಗಿ ಬೆಳೆಯುವ ಏಕೈಕ ಕಳ್ಳಿ; ಲಂಕೆಯ ಕಾಡಿಗೆ ಹೊಂದಿದ ಗಿಡ ನಮ್ಮ ಘಟ್ಟಕ್ಕೂ ಹೊಂದೀತೆಂಬ ನಂಬಿಕೆಯಿಂದಲೇ ಅದನ್ನು ತಂದೆ.

ಇದರ ಕೃಷಿಯಲ್ಲಿ ಮುಖ್ಯವಾದದ್ದು ಬೇರಿಗೆ ಗಾಳಿ. ಮಳೆಗಿಂತ ಕುಂಡದಲ್ಲಿ ನಿಂತ ನೀರು ಇದಕ್ಕೆ ಅಪಾಯಕಾರಿ. ಆದ್ದರಿಂದ ತೋಟದ ಮಣ್ಣನ್ನು ನಾನು ಬಳಸುವುದೇ ಇಲ್ಲ. ತೆಂಗಿನ ಸಿಪ್ಪೆಯನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಕತ್ತರಿಸಿ, ಒಗರು ಬಿಡುವವರೆಗೆ ನೀರು ಬದಲಿಸುತ್ತ ನೆನೆಸಿ, ಎರಡು ಪಾಲು ಸಿಪ್ಪೆಗೆ ಒಂದು ಪಾಲು ಇದ್ದಿಲ ಚೂರು ಮತ್ತು ಒಂದು ಪಾಲು ಚೆನ್ನಾಗಿ ಕಳಿತ ದರಗಿನ (ಉದುರಿದ ಒಣ ಎಲೆಯ) ಗೊಬ್ಬರ ಬೆರೆಸುತ್ತೇನೆ. ಹೀಗೆ ತುಂಬಿದ ಕುಂಡಕ್ಕೆ ಒಂದು ಚೊಂಬು ನೀರು ಹೊಯ್ದರೆ ಅದು ತಡೆಯಿಲ್ಲದೆ ತಳದಿಂದ ಇಳಿದುಹೋಗಬೇಕು. ಮೇಲ್ಭಾಗದಲ್ಲಿ ಕ್ಷಣಕಾಲ ನಿಂತರೂ ಮಿಶ್ರಣ ಬಿಗಿಯಾಗಿದೆಯೆಂದೇ ಅರ್ಥ.

ಆಷಾಢದ ಜಡಿಮಳೆಯಲ್ಲಿ ಕುಂಡಗಳನ್ನು ಜಗಲಿಯ ಸೂರಿನಡಿಗೆ ಸರಿಸುತ್ತೇನೆ. ಇರಚಲು ಬಡಿದರೆ ಚಿಂತೆಯಿಲ್ಲ, ಹಂಚಿನ ಧಾರೆ ಮಾತ್ರ ನೇರವಾಗಿ ಬೀಳಬಾರದು. ಬೇಸಿಗೆಯಲ್ಲಿ ಇದಕ್ಕೆ ಅಡಿಕೆ ತೋಟದಂಥ ಚದುರಿದ ನೆರಳು ಬೇಕು. ನೇರ ಬಿಸಿಲು ತಾಗಿದರೆ ಕಾಂಡಗಳು ಹಳದಿಗೆ ತಿರುಗುತ್ತವೆ. ಸಂದುಗಳಲ್ಲಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಿಗೆ ಕೆಲವು ಹನಿ ಬೇವಿನೆಣ್ಣೆ ಸೇರಿಸಿ ಸಂಜೆಯ ಹೊತ್ತು ಸಿಂಪಡಿಸುತ್ತೇನೆ.

ಒಂದು ಗಿಡವನ್ನು ಸೀತಾಳೆದಂಡೆ ಎಂಬ ಆರ್ಕಿಡ್ ಗಿಡದ ಪಕ್ಕದಲ್ಲಿಯೇ ಹಲಸಿನ ಮರಕ್ಕೆ, ಬೇರಿಗೆ ಹಾವಸೆ ಸುತ್ತಿ, ತೆಂಗಿನ ನಾರಿನಿಂದ ಕಟ್ಟಿದ್ದೇನೆ. ಇದು ಬದನಿಕೆಯಂತೆ ಮರದ ರಸ ಹೀರುವುದಿಲ್ಲ, ಆಸರೆಯನ್ನಷ್ಟೇ ಪಡೆಯುತ್ತದೆ.

ಹೂವು ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಅದಕ್ಕಿಂತ ಕಾಯಿಯೇ ನನಗೆ ಹೆಚ್ಚು ಇಷ್ಟ. ಹಣ್ಣಾದಾಗ ಮುತ್ತಿನಂತೆ ಬೆಳ್ಳಗಾಗುವ ಅದನ್ನು ಬೆಳಕಿಗೆ ಹಿಡಿದರೆ ಒಳಗಿನ ಕಪ್ಪು ಬೀಜಗಳು ಕಾಣುತ್ತವೆ. ಹಣ್ಣನ್ನು ಹಿಚುಕಿ, ಅಂಟಿನ ಸಮೇತ ಬೀಜವನ್ನು ಒದ್ದೆ ಹಾವಸೆಯ ಮೇಲೆ ಸವರಿದರೆ ಮೊಳಕೆ ಬರುತ್ತದೆ. ಆದರೂ ಹೊಸಬರು ಕಾಂಡದ ತುಂಡುಗಳಿಂದ ಆರಂಭಿಸುವುದು ಒಳ್ಳೆಯದು: ಗೇಣುದ್ದದ ತುಂಡನ್ನು ಗಿಣ್ಣಿನಲ್ಲಿ ಬಿಡಿಸಿ, ಗಾಯ ಒಣಗಲು ಕೆಲವು ದಿನ ನೆರಳಿನಲ್ಲಿಟ್ಟು, ಮಳೆ ಇಳಿಮುಖವಾದ ಮೇಲೆ ಇದೇ ಮಿಶ್ರಣದಲ್ಲಿ ಬುಡವಷ್ಟೇ ಹುದುಗುವಂತೆ ನೆಟ್ಟು, ಬೇರು ಹಿಡಿಯುವವರೆಗೆ ಅಲುಗಾಡಿಸದೆ ಬಿಡಬೇಕು.