ಹೆಂಡತಿಯ ನಾರ್ವೆ ಮೂಲ ಪತ್ತೆಯಾಗಿದ್ದು ಹೀಗೆ

ನನ್ನ ಹೆಂಡತಿಯ ತವರು ಅಮೆರಿಕದ ಮಿನೆಸೋಟ. ಅವಳ ಮುತ್ತಜ್ಜ ನಾರ್ವೆಯಿಂದ ಬಂದವರು. ಯಾವ ಊರಿನಿಂದ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹೆಸರು ಹಿಡಿದು ಹುಡುಕಿದರೆ ದಾರಿ ಸಿಗುವುದಿಲ್ಲ. ಹಳೆಯ ನಾರ್ವೆಯಲ್ಲಿ ಹಾನ್ಸ್‌ನ ಮಗ ಹಾನ್ಸೆನ್, ಮಗಳು ಹಾನ್ಸ್‌ಡಾಟರ್. ನಮ್ಮ ಇನಿಷಿಯಲ್ ಥರ, ತಲೆಮಾರು ಬದಲಾದರೆ ಅದೂ ಬದಲು. ಜೊತೆಗೆ ವಾಸವಿದ್ದ ಜಮೀನಿನ ಹೆಸರು ಸೇರುತ್ತಿತ್ತು. ಬೇರೆ ಜಮೀನಿಗೆ ಹೋದರೆ ಅದೂ ಬೇರೆ! ಕುಟುಂಬಕ್ಕೆ ಒಂದೇ ಅಡ್ಡಹೆಸರು ಇರಬೇಕೆಂಬ ಕಾನೂನು ಬಂದಿದ್ದು 1923ರಲ್ಲಿ.

ಸುಳಿವು ಸಿಕ್ಕಿದ್ದು ಮಿನೆಸೋಟದ ಲೂಥರನ್ ಚರ್ಚಿನ ಹಳೇ ರಿಜಿಸ್ಟರಿನಲ್ಲಿ. ಅದರಲ್ಲಿ ಮುತ್ತಜ್ಜ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶ) ಬರೆದಿತ್ತು. ಆಮೇಲೆ ನಾರ್ವೆಯ ರಾಷ್ಟ್ರೀಯ ದಾಖಲೆಗಳ ವೆಬ್‌ಸೈಟ್ ಡಿಜಿಟಲ್ ಆರ್ಕಿವೆಟ್ ತೆರೆದೆ. ನಾರ್ವೆಯ ಚರ್ಚ್ ಪುಸ್ತಕಗಳು, 1865 ಮತ್ತು 1875ರ ಜನಗಣತಿ ಎಲ್ಲವೂ ಅಲ್ಲಿ ಉಚಿತ. ಅಡ್ಡಹೆಸರು ಬಿಟ್ಟು ಮೊದಲ ಹೆಸರು, ಹುಟ್ಟಿದ ವರ್ಷ, ಪ್ಯಾರಿಷ್ ಇಷ್ಟೇ ಕೊಟ್ಟೆ. ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರುಗಳೂ ತಾಳೆಯಾಗುವ ಒಂದೇ ಮನೆ ಉಳಿಯಿತು. ಹಳೇ ಗೋಥಿಕ್ ಕೈಬರಹ ಓದೋದು ಕಷ್ಟ, ಆದರೆ ಕನ್‌ಫರ್ಮೇಶನ್ (ಹದಿಹರೆಯದಲ್ಲಿ ಚರ್ಚಿನಲ್ಲಿ ನಂಬಿಕೆ ದೃಢಪಡಿಸುವ ವಿಧಿ) ಪಟ್ಟಿಯಲ್ಲಿ ಹುಟ್ಟಿದ ದಿನ, ತಂದೆತಾಯಿ, ಜಮೀನು ಒಂದೇ ಸಾಲಿನಲ್ಲಿತ್ತು.

ಖಚಿತಪಡಿಸಿಕೊಳ್ಳಲು ಡಿಎನ್‌ಎ ಪರೀಕ್ಷೆ. ಹೆಂಡತಿಗಿಂತ ನನ್ನ ಅತ್ತೆಯವರದ್ದೇ ಮಾಡಿಸಿದೆವು. ಪ್ರತಿ ತಲೆಮಾರಿಗೂ ಪೂರ್ವಜರ ಪಾಲು ಸುಮಾರು ಅರ್ಧ ಕಡಿಮೆಯಾಗುತ್ತದೆ, ಅಲ್ವಾ? ಹಾಗಾಗಿ ಮನೆಯ ಹಿರಿಯರಿಂದ ಶುರುಮಾಡಿ. "ಇಷ್ಟು ಶೇಕಡಾ ಸ್ಕ್ಯಾಂಡಿನೇವಿಯನ್" ಅನ್ನುವ ಅಂಕಿಯಿಂದ ಊರು ಸಿಗುವುದಿಲ್ಲ, ಸುಮ್ನೆ ಅದರ ಹಿಂದೆ ಬೀಳಬೇಡಿ. ಡಿಎನ್‌ಎ ಹೊಂದಿಕೆಯಾದವರ ವಂಶವೃಕ್ಷ ನೋಡಿ. ಕಣಿವೆ ಊರುಗಳಲ್ಲಿ ಸಂಬಂಧದೊಳಗೇ ಮದುವೆ ನಡೆದಿದ್ದರೆ ನಂಟು ಇರುವುದಕ್ಕಿಂತ ಹತ್ತಿರದ್ದೆಂದು ಕಾಣಬಹುದು. ನಮಗೆ ಸಿಕ್ಕವರು ಮುತ್ತಜ್ಜನ ಅಕ್ಕನ ವಂಶದವರು. ಅವರ ದಾಖಲೆಯಲ್ಲೂ ಅದೇ ಜಮೀನು, ಅದೇ ತಂದೆತಾಯಿ.