ಧ್ಯಾನಕ್ಕೆ ಕೂರುವುದು ಹೇಗೆ? ಐದು ನಿಮಿಷದಿಂದ ಶುರು ಮಾಡಿ

‘ಕಣ್ಣು ಮುಚ್ಚಿದರೆ ಸಾಕು, ಇಲ್ಲಸಲ್ಲದ ಯೋಚನೆಗಳೆಲ್ಲ ನುಗ್ಗುತ್ತವೆ. ಇದು ನಮ್ಮಂಥವರಿಗೆ ಆಗಿಬರೋದಲ್ಲ.’ ಧ್ಯಾನಕ್ಕೆ ಹೊಸದಾಗಿ ಕೂತವರು ಎರಡು ಮೂರು ದಿನಕ್ಕೇ ಹೀಗೆ ಹೇಳಿ ಎದ್ದುಬಿಡುತ್ತಾರೆ. ಮನಸ್ಸು ಖಾಲಿಯಾಗಬೇಕು ಅಂತ ಅವರಿಗೆ ಯಾರೋ ಹೇಳಿರುತ್ತಾರೆ. ಮೈಂಡ್‌ಫುಲ್‌ನೆಸ್ ಧ್ಯಾನದಲ್ಲಿ ಯೋಚನೆ ನಿಲ್ಲಿಸುವ ಕೆಲಸವೇ ಇಲ್ಲ. ಈ ಕ್ಷಣ ಏನು ನಡೆಯುತ್ತಿದೆಯೋ ಅದನ್ನು ಗಮನಿಸಬೇಕು. ಸರಿ ತಪ್ಪು ಅಂತ ತೀರ್ಪು ಕೊಡಲು ಹೋಗಬಾರದು. ಅಷ್ಟೇ.

ಇದರ ಬೇರು ಬೌದ್ಧರ ಧ್ಯಾನ ಪದ್ಧತಿಯಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಇದನ್ನು ರೋಗಿಗಳಿಗೆ ಕಲಿಸಲು ಶುರು ಮಾಡಿದರು. ಬಹಳ ದಿನದಿಂದ ನೋವು ತಿನ್ನುತ್ತಿದ್ದವರು, ಔಷಧಿಯಿಂದ ಪೂರ್ತಿ ಗುಣ ಕಾಣದವರು ಅಲ್ಲಿಗೆ ಬರುತ್ತಿದ್ದರು. ಆ ತರಬೇತಿ ಈಗ 8 ವಾರದ ಕೋರ್ಸ್ ಆಗಿ ಹಲವು ದೇಶಗಳಲ್ಲಿದೆ. ಅದರಲ್ಲಿ ದಿನಕ್ಕೆ ಸುಮಾರು 45 ನಿಮಿಷ ಮನೆಯಲ್ಲಿ ಅಭ್ಯಾಸ ಮಾಡಬೇಕು. ಹೊಸಬರಿಗೆ ಅಷ್ಟು ಬೇಡ.

ಕೂರುವುದು

ದಿನವೂ ಒಂದೇ ಹೊತ್ತು ಇಟ್ಟುಕೊಳ್ಳಿ. ಫೋನ್ ಸೈಲೆಂಟ್ ಮಾಡಿ, ಐದು ನಿಮಿಷಕ್ಕೆ ಟೈಮರ್ ಇಡಿ. ಇಲ್ಲದಿದ್ದರೆ ಅರ್ಧ ಗಮನ ಗಡಿಯಾರದ ಮೇಲೇ ಇರುತ್ತದೆ. ಕುರ್ಚಿಯಾದರೂ ಸರಿ, ನೆಲವಾದರೂ ಸರಿ. ಪದ್ಮಾಸನದ ಹಟ ಬೇಕಾಗಿಲ್ಲ. ಬೆನ್ನು ನೆಟ್ಟಗಿರಲಿ, ಆದರೆ ಬಿಗಿ ಬೇಡ. ಕಣ್ಣು ಮುಚ್ಚಬಹುದು. ತೂಕಡಿಕೆ ಬರುವಂತಿದ್ದರೆ ಅರ್ಧ ತೆರೆದು ನೆಲ ನೋಡಿ.

ಉಸಿರು

ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೆ ಅಂತ ಹುಡುಕಿ. ಕೆಲವರಿಗೆ ಮೂಗಿನ ತುದಿ, ಕೆಲವರಿಗೆ ಎದೆ, ಇನ್ನು ಕೆಲವರಿಗೆ ಹೊಟ್ಟೆ. ಒಂದನ್ನು ಆರಿಸಿಕೊಂಡು ಅಲ್ಲೇ ಇರಿ. ಉಸಿರನ್ನು ಉದ್ದ ಮಾಡಬೇಡಿ, ಹಿಡಿದಿಡಬೇಡಿ. ಇದು ಪ್ರಾಣಾಯಾಮವಲ್ಲ. ಅದು ಹೇಗೆ ಬಂದು ಹೋಗುತ್ತದೋ ಹಾಗೇ ಬಿಟ್ಟು ಗಮನಿಸಿ.

ನಾಲ್ಕೈದು ಉಸಿರು ಕಳೆಯುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ಕಟ್ಟಬೇಕಾದ ಬಿಲ್, ನಿನ್ನೆ ಯಾರೋ ಅಂದ ಮಾತು, ನಾಳೆಯ ಮೀಟಿಂಗ್. ‘ಅಯ್ಯೋ, ಮತ್ತೆ ಹೋಯ್ತು’ ಅಂತ ಬೈದುಕೊಂಡರೆ ಅದು ಇನ್ನೊಂದು ಯೋಚನೆ ಆಗುತ್ತದೆ. ‘ಯೋಚನೆ ಬಂತು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ, ಮುಂದಿನ ಉಸಿರಿಗೆ ಬನ್ನಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಹೋದರೆ ಇಪ್ಪತ್ತು ಸಲ ಬನ್ನಿ. ಮನಸ್ಸು ಹೋಗಿದ್ದು ಗೊತ್ತಾಗುವ ಆ ಗಳಿಗೆಗಾಗಿಯೇ ನಾವು ಕೂರುವುದು. ಚಂಚಲ ಮನಸ್ಸಿನವರಿಗೆ ಈ ಅಭ್ಯಾಸ ಜಾಸ್ತಿ ಸಿಗುತ್ತದೆ, ಅಲ್ವಾ?

ಮೈಯ ಮೇಲೆ ಗಮನ

ಒತ್ತಡದಿಂದ ಬಳಲುವವರಿಗೆ ನನ್ನ ಪ್ರಕಾರ ಉಸಿರಿಗಿಂತ ಇದೇ ಹೆಚ್ಚು ಉಪಯೋಗ. ಮಲಗಿಯೂ ಮಾಡಬಹುದು. ಕಾಲಿನ ಬೆರಳಿನಿಂದ ಶುರು ಮಾಡಿ, ಪಾದ, ಮೀನಖಂಡ, ಮಂಡಿ, ತೊಡೆ, ಹೊಟ್ಟೆ, ಭುಜ, ದವಡೆ, ಹಣೆ ಅಂತ ನಿಧಾನಕ್ಕೆ ಮೇಲೆ ಬನ್ನಿ. ಬಿಸಿ, ತಂಪು, ಜೋಮು, ಬಿಗಿತ, ಏನಿದೆಯೋ ನೋಡಿ. ಏನೂ ಗೊತ್ತಾಗದಿದ್ದರೆ ಅದೂ ಸರಿ.

ಒತ್ತಡ ಏರಿದಾಗ ದೇಹ ಅಪಾಯ ಎದುರಿಸಲು ತಯಾರಾಗುತ್ತದೆ. ಎದೆಬಡಿತ ಜೋರಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲೆಮೇಲೇ ಆಡುತ್ತದೆ. ಹಲ್ಲು ಕಚ್ಚಿಕೊಂಡಿರುತ್ತೇವೆ, ಭುಜ ಕಿವಿಯತ್ತ ಏರಿರುತ್ತದೆ. ಇದೆಲ್ಲ ನಮ್ಮ ಗಮನಕ್ಕೆ ಬರುವುದು ಯಾರ ಮೇಲೋ ರೇಗಿ ಆದ ಮೇಲೆ. ಮೈಯನ್ನು ದಿನಾ ನೋಡಿಕೊಳ್ಳುವವರಿಗೆ ಆ ಬಿಗಿತ ಮೊದಲೇ ಸಿಕ್ಕಿಬೀಳುತ್ತದೆ. ಒತ್ತಡದ ಕಾರಣ ಅಲ್ಲೇ ಇರುತ್ತದೆ, ಅದು ಧ್ಯಾನದಿಂದ ಹೋಗುವುದಿಲ್ಲ. ಆದರೆ ಬಾಯಿಬಿಡುವ ಮುಂಚೆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ.

ಕೂರದೇ ಇರುವಾಗಲೂ ಇದನ್ನು ಮಾಡಬಹುದು. ಫೋನ್ ರಿಂಗ್ ಆದಾಗ ಎತ್ತುವ ಮುಂಚೆ ಒಂದು ಉಸಿರು. ನಡೆಯುವಾಗ ಪಾದ ನೆಲಕ್ಕೆ ತಾಗುವುದರ ಮೇಲೆ ಗಮನ.

ಎಷ್ಟು ನಂಬಬೇಕು?

ಧ್ಯಾನದಿಂದ ಎಲ್ಲ ವಾಸಿ ಎನ್ನುವವರ ಮಾತು ನಂಬಬೇಡಿ. 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ನಿಯತಕಾಲಿಕೆ 47 ಪ್ರಯೋಗಗಳ ವಿಮರ್ಶೆ ಪ್ರಕಟಿಸಿತು. ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗಿದ್ದು ಅದರಲ್ಲಿ ಕಂಡಿತ್ತು. ವ್ಯಾಯಾಮ, ಔಷಧಿಗಿಂತ ಧ್ಯಾನ ಮೇಲು ಎನ್ನುವುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಹಾಗಾಗಿ ವಾಕಿಂಗ್ ಬಿಟ್ಟು ಕೂರಬೇಡಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ.

ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಗಾಬರಿ ಹೆಚ್ಚುತ್ತದೆ. ದೊಡ್ಡ ಆಘಾತ ಕಂಡವರಿಗೆ ಹಳೆಯದೆಲ್ಲ ಮರುಕಳಿಸಬಹುದು. ಅಂಥವರು ಹಟ ಹಿಡಿದು ಕೂರಬಾರದು. ಕಣ್ಣು ತೆರೆದು, ಉಸಿರಿನ ಬದಲು ಸುತ್ತಲಿನ ಸದ್ದು ಕೇಳಲಿ, ಇಲ್ಲವೇ ಪಾದ ನೆಲಕ್ಕೆ ಊರಿರುವುದನ್ನು ಗಮನಿಸಲಿ. ಆಗಲೂ ಗಾಬರಿ ತಡೆಯಲಾಗದಿದ್ದರೆ ನಿಲ್ಲಿಸಿ, ಮನೋವೈದ್ಯರ ಜೊತೆ ಅಥವಾ ಆಪ್ತಸಮಾಲೋಚಕರ ಜೊತೆ ಮಾತಾಡಲಿ.

ಉಳಿದವರು ಎರಡು ವಾರ ಐದೇ ನಿಮಿಷ ಕೂತು, ಆಮೇಲೆ ಹತ್ತಕ್ಕೆ ಏರಿಸಿ. ಒಂದು ದಿನ ತಪ್ಪಿದರೆ ಮಾರನೇ ದಿನ ಡಬಲ್ ಮಾಡಲು ಹೋಗಬೇಡಿ. ಎಂದಿನಂತೆ ಐದು ನಿಮಿಷ ಸಾಕು.